ಕೈಪಿಡಿ ಇಲ್ಲದ ಹಳೆಯ ಪವರ್ ಸಪ್ಲೈ: ಚಾಲನೆಗೆ ಮುನ್ನ ತಿಳಿಯಬೇಕಾದುದು



ಕುಡಿಯುವ ನೀರಿನ ಅನೇಕ ಘಟಕಗಳ ನಿಯಂತ್ರಣ ಫಲಕದೊಳಗೆ ಪವರ್ ಸಪ್ಲೈ ಎಂಬ ಪೆಟ್ಟಿಗೆಯೊಂದು ಇರುತ್ತದೆ. ಅದು 230 ವೋಲ್ಟ್ ಎ.ಸಿ. ವಿದ್ಯುತ್ತನ್ನು ಸಾಮಾನ್ಯವಾಗಿ 24 ವೋಲ್ಟ್ ಡಿ.ಸಿ.ಗೆ ಪರಿವರ್ತಿಸಿ, ನೀರಿನ ಮಟ್ಟ ತಿಳಿಸುವ ಸಾಧನ, ರಿಲೇ ಮತ್ತು ವಾಲ್ವ್‌ಗಳಿಗೆ ಒದಗಿಸುತ್ತದೆ. ಇದು ಕೆಟ್ಟಲ್ಲಿ ಮೋಟಾರು ಸುಸ್ಥಿತಿಯಲ್ಲಿದ್ದರೂ ನೀರು ನಿಲ್ಲಬಹುದು. ಹೊಸದು ಬರುವುದು ತಡವಾದಾಗ, ಮುಚ್ಚಿದ ಕಾರ್ಖಾನೆಯಿಂದಲೋ ಗುಜರಿ ಅಂಗಡಿಯಿಂದಲೋ ಹಳೆಯ ಪೆಟ್ಟಿಗೆ ತರುವ ಸಲಹೆ ಸಭೆಯ ಮುಂದೆ ಬರುವುದುಂಟು. ಅದರೊಡನೆ ಕೈಪಿಡಿ ಬರುವುದು ಅಪರೂಪ. ಪರೀಕ್ಷಿಸದೆ ಅದನ್ನು ಜೋಡಿಸಿದರೆ ಅಪಾಯಕ್ಕೆ ಈಡಾಗುವವರು ಒದ್ದೆ ನೆಲದ ಮೇಲೆ ನಿಂತು ಫಲಕವನ್ನು ಮುಟ್ಟುವ ನಮ್ಮ ನೀರುಗಂಟಿಯೇ.

ಕೈಪಿಡಿ ಇಲ್ಲವೆಂಬ ಒಂದೇ ಕಾರಣಕ್ಕೆ ಯಂತ್ರವನ್ನು ತಿರಸ್ಕರಿಸಬೇಕಾಗಿಲ್ಲ. ಆದರೆ ಕೈಪಿಡಿಯು ಹೇಳಬೇಕಾದುದನ್ನು ಅಳತೆಯಿಂದ ತಿಳಿದುಕೊಳ್ಳುವವರೆಗೆ ಅದಕ್ಕೆ ವಿದ್ಯುತ್ ಕೊಡಬಾರದು. ಈ ಕೆಳಗಿನ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸತಕ್ಕದ್ದು. ಕ್ರಮವನ್ನು ತಿಳಿದಿದ್ದು, ಅದು ಪಾಲನೆಯಾಗಿದೆಯೇ ಎಂದು ಕೇಳುವುದು ಸದಸ್ಯರ ಹೊಣೆ.

1. ನಾಮಫಲಕವನ್ನು ಓದುವುದು

ಪೆಟ್ಟಿಗೆಯ ಮೇಲಿನ ನಾಮಫಲಕದಲ್ಲಿ ಇನ್‌ಪುಟ್ ಮತ್ತು ಔಟ್‌ಪುಟ್‌ಗಳ ವೋಲ್ಟ್ ಹಾಗೂ ಆಂಪಿಯರ್ ಪ್ರಮಾಣ ಇರುತ್ತದೆ. ಇನ್‌ಪುಟ್ 400 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚೆಂದಿದ್ದರೆ ಅದು ಸಿಂಗಲ್ ಫೇಸ್ ಮನೆ ಲೈನಿಗೆ ಜೋಡಿಸುವಂಥದ್ದಲ್ಲ. ಕೆಲವು ಪೆಟ್ಟಿಗೆಗಳಲ್ಲಿ 115 ಮತ್ತು 230 ಎಂದು ಬರೆದ ಚಿಕ್ಕ ಸ್ವಿಚ್ ಇರುತ್ತದೆ. ಅದು 115ರಲ್ಲಿ ಇರುವಾಗ ನಮ್ಮ 230 ವೋಲ್ಟ್ ಕೊಟ್ಟರೆ, ಒಳಗಿನ ಕ್ಯಾಪಾಸಿಟರ್‌ಗಳು ತಾಳಿಕೊಳ್ಳಲಾಗದಷ್ಟು ವೋಲ್ಟೇಜ್ ಅವುಗಳ ಮೇಲೆ ಬಿದ್ದು ಅವು ಸಿಡಿಯಬಹುದು. ನಾಮಫಲಕ ಅಳಿಸಿಹೋಗಿ, ಮಾದರಿಯೂ ಗುರುತಿಗೆ ಸಿಗದಿದ್ದರೆ ಅಂತಹ ಪೆಟ್ಟಿಗೆಯನ್ನು ಸ್ವೀಕರಿಸದಿರುವುದೇ ಲೇಸು.

2. ಒಳಗನ್ನು ನೋಡುವುದು

ಸಾಮಾನ್ಯವಾಗಿ ಬಳಕೆಯಲ್ಲಿರುವ ಎಸ್.ಎಂ.ಪಿ.ಎಸ್. ಮಾದರಿಯಲ್ಲಿ 230 ವೋಲ್ಟ್ ಎ.ಸಿ.ಯು ಒಳಗೆ ಸುಮಾರು 325 ವೋಲ್ಟ್ ಡಿ.ಸಿ. ಆಗಿ ಕ್ಯಾಪಾಸಿಟರ್‌ಗಳಲ್ಲಿ ಸಂಗ್ರಹವಾಗುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು, ಪ್ರಾಣಾಪಾಯವನ್ನೂ ಉಂಟುಮಾಡಬಹುದು. ಆದುದರಿಂದ ಈ ಹಿಂದೆ ಚಾಲನೆ ಮಾಡಿದ್ದರೆ ಕನಿಷ್ಠ 5 ನಿಮಿಷ ಕಾದು, ಮುಚ್ಚಳ ತೆಗೆದು, ಏನನ್ನೂ ಮುಟ್ಟುವ ಮೊದಲು ಮಲ್ಟಿಮೀಟರಿನಿಂದ ಅಳೆಯಬೇಕು. ಕಾದುದು ಮಾತ್ರ ಸಾಲದು. ತಲೆ ಉಬ್ಬಿದ ಅಥವಾ ಸೋರಿದ ಕ್ಯಾಪಾಸಿಟರ್, ಸುಟ್ಟ ಕಲೆ, ತುಕ್ಕು, ಇಲಿ ಕಡಿದ ತಂತಿ ಕಂಡಲ್ಲಿ ದುರಸ್ತಿಯಾಗದೆ ಮುಂದುವರಿಯಬಾರದು. ಫ್ಯೂಸ್ ಇರುವೆಡೆ ತಾಮ್ರದ ತಂತಿ ಸುತ್ತಿದ್ದರೆ ಅದನ್ನು ತೆಗೆದು ನಿಗದಿತ ಪ್ರಮಾಣದ ಫ್ಯೂಸ್ ಹಾಕಿಸಬೇಕು.

3. ವಿದ್ಯುತ್ ಕೊಡದೆ ಅಳೆಯುವುದು

ಅರ್ಥಿಂಗ್ ಟರ್ಮಿನಲ್‌ಗೂ ಲೋಹದ ಪೆಟ್ಟಿಗೆಗೂ ಸಂಪರ್ಕವಿದೆಯೇ ಎಂಬುದು ಮೊದಲ ಪರೀಕ್ಷೆ. ಬಳಿಕ ಫೇಸ್ ಮತ್ತು ನ್ಯೂಟ್ರಲ್ ಟರ್ಮಿನಲ್‌ಗಳನ್ನು ಒಟ್ಟುಗೂಡಿಸಿ, ಅವುಗಳಿಗೂ ಅರ್ಥಿಂಗ್‌ಗೂ ನಡುವಿನ ಇನ್ಸುಲೇಷನ್ ಅನ್ನು 500 ವೋಲ್ಟ್ ಮೆಗ್ಗರ್‌ನಿಂದ ಅಳೆಯಬೇಕು. ಔಟ್‌ಪುಟ್ ಟರ್ಮಿನಲ್‌ಗಳನ್ನು ಆಗ ಪರಸ್ಪರ ಕೂಡಿಸಿ ಅರ್ಥಿಂಗ್‌ಗೆ ಸೇರಿಸಿರಬೇಕು. ಅಳತೆ 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಚಾಲನೆ ಬೇಡ. ಪಂಪ್‌ಹೌಸಿನ ಅರ್ಥಿಂಗ್ ಗುಂಡಿಯನ್ನೂ ಇದೇ ಸಂದರ್ಭದಲ್ಲಿ ಪರೀಕ್ಷಿಸುವುದು ಸೂಕ್ತ.

4. ಮೊದಲ ಚಾಲನೆ

ಮೊದಲ ಬಾರಿಗೆ ನೇರ ಲೈನ್ ಕೊಡದೆ, ಫೇಸ್ ತಂತಿಯಲ್ಲಿ 60 ಅಥವಾ 100 ವ್ಯಾಟ್‌ನ ಹಳೆಯ ಮಾದರಿಯ ತಂತು ಬಲ್ಬನ್ನು ಸೀರೀಸ್ ಆಗಿ ಜೋಡಿಸಬೇಕು. ಎಲ್.ಇ.ಡಿ. ಬಲ್ಬ್ ಇದಕ್ಕೆ ಉಪಯೋಗವಿಲ್ಲ. ಲೈನಿನಲ್ಲಿ 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ. ಇರಬೇಕು. ಔಟ್‌ಪುಟ್‌ಗೆ ಏನನ್ನೂ ಜೋಡಿಸಿರಬಾರದು. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಒಳಗೆ ಶಾರ್ಟ್ ಇಲ್ಲವೆಂಬ ಸೂಚನೆ. ಪೂರ್ಣ ಬೆಳಕಿನಲ್ಲೇ ಉಳಿದರೆ ತಕ್ಷಣ ಸ್ವಿಚ್ ಆರಿಸಬೇಕು. ಬಲ್ಬ್ ವಿದ್ಯುತ್ ಪ್ರವಾಹವನ್ನು ಮಿತಗೊಳಿಸುತ್ತದೆಯೇ ಹೊರತು ಶಾಕ್‌ನಿಂದ ರಕ್ಷಿಸುವುದಿಲ್ಲ. ಅದಾದ ಮೇಲೆ ಔಟ್‌ಪುಟ್ ವೋಲ್ಟೇಜನ್ನೂ ಧನ, ಋಣ ತುದಿಗಳನ್ನೂ ಅಳೆದು ಗುರುತಿಸಬೇಕು.

5. ಹೊರೆ ಕೊಟ್ಟು ನೋಡುವುದು

ಖಾಲಿಯಿರುವಾಗ 24 ವೋಲ್ಟ್ ತೋರುವ ಪೆಟ್ಟಿಗೆ ಹೊರೆ ಬಿದ್ದಾಗ ಕುಸಿಯಬಹುದು. 24 ವೋಲ್ಟ್, 10 ಆಂಪಿಯರ್ ಎಂದರೆ 240 ವ್ಯಾಟ್ ಸಾಮರ್ಥ್ಯ. ಸೀರೀಸ್ ಬಲ್ಬನ್ನು ತೆಗೆದು, ಸರಿಯಾದ ಫ್ಯೂಸ್ ಇಟ್ಟು, ಲಾರಿಗಳಲ್ಲಿ ಬಳಸುವ 24 ವೋಲ್ಟ್, 70 ವ್ಯಾಟ್‌ನ ಹೆಡ್‌ಲೈಟ್ ಬಲ್ಬ್ ಎರಡನ್ನು ಔಟ್‌ಪುಟ್‌ಗೆ ಒಂದಾದ ಮೇಲೊಂದರಂತೆ ಜೋಡಿಸಿದರೆ ಅರ್ಧಕ್ಕಿಂತ ತುಸು ಹೆಚ್ಚು ಹೊರೆಯಾಗುತ್ತದೆ. ಒಂದು ಗಂಟೆಯವರೆಗೆ ವೋಲ್ಟೇಜ್ ಸ್ಥಿರವಾಗಿದೆಯೇ, ಸುಟ್ಟ ವಾಸನೆ ಬರುತ್ತಿದೆಯೇ, ಫ್ಯಾನ್ ಇದ್ದರೆ ತಿರುಗುತ್ತಿದೆಯೇ ಎಂದು ಯಾರಾದರೂ ಹತ್ತಿರವಿದ್ದು ಗಮನಿಸಬೇಕು. ನಿತ್ಯ ಬಳಕೆಯಲ್ಲಿ ಹಳೆಯ ಪೆಟ್ಟಿಗೆಗೆ ನಾಮಫಲಕದ ಸಾಮರ್ಥ್ಯದ ಮುಕ್ಕಾಲು ಭಾಗ ಮೀರದಷ್ಟು ಹೊರೆ ಕೊಡುವುದು ವಿವೇಕದ ಕ್ರಮ.

6. ನಮ್ಮದೇ ಕೈಪಿಡಿ

ಪರೀಕ್ಷೆಯ ದಿನಾಂಕ, ಅಳತೆಗಳು, ಫ್ಯೂಸ್ ಪ್ರಮಾಣ, ಯಾವ ತಂತಿ ಎಲ್ಲಿಗೆ ಎಂಬ ಚಿತ್ರ ಮತ್ತು ಕೆಲಸಗಾರರ ಸಹಿ ಇರುವ ಒಂದು ಹಾಳೆಯನ್ನು ಫಲಕದ ಬಾಗಿಲ ಒಳಬದಿಗೆ ಅಂಟಿಸಿ, ಪ್ರತಿಯನ್ನು ಪಂಚಾಯಿತಿ ಕಡತದಲ್ಲಿ ಇಡತಕ್ಕದ್ದು. ಮುಂದೊಂದು ರಾತ್ರಿ ನೀರು ನಿಂತಾಗ ದುರಸ್ತಿಗೆ ಬರುವವರಿಗೆ ಆ ಹಾಳೆಯೇ ಆಧಾರ.

ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಅ) ಈ ಪೆಟ್ಟಿಗೆಯನ್ನು ಪರೀಕ್ಷಿಸಿದವರು ಯಾರು? ಅವರ ಪರವಾನಗಿ ಚಾಲ್ತಿಯಲ್ಲಿದೆಯೇ?
ಆ) ಅರ್ಥಿಂಗ್ ಮತ್ತು ಇನ್ಸುಲೇಷನ್ ಅಳತೆಗಳು ಬರಹದಲ್ಲಿ ಇವೆಯೇ?
ಇ) ಫಲಕಕ್ಕೆ ಆರ್.ಸಿ.ಸಿ.ಬಿ. ಅಳವಡಿಸಲಾಗಿದೆಯೇ? ಅದರ ಟೆಸ್ಟ್ ಬಟನ್ ಒತ್ತಿ ನೋಡಲಾಗಿದೆಯೇ?
ಈ) ಯಾವ ಸ್ವಿಚ್ ಆರಿಸಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ನೀರುಗಂಟಿಗೆ ಸ್ಥಳದಲ್ಲೇ ತೋರಿಸಲಾಗಿದೆಯೇ?

ಈ ನಾಲ್ಕಕ್ಕೂ ಉತ್ತರ ದೊರೆಯುವವರೆಗೆ ಟ್ಯಾಂಕರ್ ಮೂಲಕ ನೀರು ಒದಗಿಸುವುದಾದರೂ ಸರಿ, ಪೆಟ್ಟಿಗೆಯ ಜೋಡಣೆಗೆ ಒಪ್ಪಿಗೆ ನೀಡಬಾರದು.