ಒಂದು ಆಳದ ಗುಂಡಿ ಬೇಡ, ಎರಡು ಸಣ್ಣ ಗುಂಡಿ ತೆಗೆಸಿರಿ



ಮನೆಗೊಂದು ಕಕ್ಕಸು ಕಟ್ಟಿಸಬೇಕೆಂದು ನಿಶ್ಚಯಿಸಿದ ಮೇಲೆ ನೀವು ಮೇಸ್ತ್ರಿಯನ್ನು ಕೇಳುವ ಮೊದಲನೆಯ ಪ್ರಶ್ನೆ ಯಾವುದು? “ಗುಂಡಿ ಎಷ್ಟು ಆಳ ತೆಗೆಸಲಿ?” ಎಂಬುದು. ಮೇಸ್ತ್ರಿಯ ಉತ್ತರವೂ ಸಿದ್ಧವಾಗಿಯೇ ಇರುತ್ತದೆ. “ಹದಿನೈದು ಅಡಿ ಇಳಿಸಿಬಿಡಿ ಗೌಡರೇ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ತುಂಬುವುದಿಲ್ಲ.” ಕಿವಿಗೆ ಹಿತವಾದ ಮಾತು. ಆದರೆ ಗುಂಡಿ ತುಂಬಿಯೇ ತುಂಬುತ್ತದೆ. ತುಂಬಿದ ದಿನ ಅದನ್ನು ತೆಗೆಯುವವರು ಯಾರು ಎಂಬುದನ್ನು ಕಟ್ಟುವ ದಿನವೇ ಯೋಚಿಸತಕ್ಕದ್ದು.

ಆಳವಾದ ಒಂಟಿ ಗುಂಡಿ ತುಂಬಿದಾಗ ಅದರೊಳಗೆ ಇರುವುದು ನಿನ್ನೆಯ ಮಲವೂ ಹೌದು, ಹತ್ತು ವರ್ಷದ ಹಿಂದಿನದೂ ಹೌದು. ಎರಡೂ ಬೆರೆತಿರುತ್ತವೆ. ಮುಚ್ಚಿದ ಗುಂಡಿಯಲ್ಲಿ ವಿಷದ ಗಾಳಿ ಕೂಡಿರುತ್ತದೆ. ಇಳಿದವನು ಕೆಲವೇ ಉಸಿರಿಗೆ ಪ್ರಜ್ಞೆ ತಪ್ಪಿ ಬೀಳುತ್ತಾನೆ. ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಹೀಗೆ ಒಂದೇ ಗುಂಡಿಯಲ್ಲಿ ಇಬ್ಬರು ಮೂವರು ಸತ್ತ ಸುದ್ದಿಯನ್ನು ನೀವು ಪತ್ರಿಕೆಯಲ್ಲಿ ಓದಿಯೇ ಇದ್ದೀರಿ. ಸತ್ತವರು ಯಾವ ಕೇರಿಯವರೆಂಬುದನ್ನು ಇಲ್ಲಿ ಬರೆಯಬೇಕಾಗಿಲ್ಲ. ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರಿಸುವ ಪದ್ಧತಿಯನ್ನು ನಿಷೇಧಿಸಿದರು. 2013ರಲ್ಲಿ ದೇಶಕ್ಕೆಲ್ಲ ಕಾನೂನು ಬಂದು, ರಕ್ಷಣೆಯ ಸಾಧನಗಳಿಲ್ಲದೆ ಶೌಚದ ತೊಟ್ಟಿಗೆ ಮನುಷ್ಯನನ್ನು ಇಳಿಸುವುದು ಜೈಲಿಗೆ ಹೋಗುವ ಅಪರಾಧವಾಯಿತು. ಹೀರುವ ಯಂತ್ರದ ಟ್ಯಾಂಕರನ್ನು ತರಿಸಬಹುದು, ನಿಜ. ಅದು ನಿಮ್ಮ ಓಣಿಗೆ ತಿರುಗಬೇಕು. ತಿರುಗಿದರೂ ತುಂಬಿಕೊಂಡದ್ದನ್ನು ಯಾವ ಹಳ್ಳಕ್ಕೆ ಸುರಿದು ಹೋಯಿತೆಂದು ನೀವು ನೋಡಲು ಹೋಗುವುದಿಲ್ಲ.

ಇದಕ್ಕೆಲ್ಲ ಸುಲಭದ ಪರಿಹಾರ ಅವಳಿ ಗುಂಡಿಯ ಕಕ್ಕಸು. ನೀರು ಸುರಿದು ತೊಳೆಯುವ ಹಳ್ಳಿಯ ಕಕ್ಕಸಿನ ಮೇಲೆ 1950ರ ದಶಕದಲ್ಲೇ ಲಖನೌದ ಯೋಜನಾ ಸಂಶೋಧನ ಸಂಸ್ಥೆಯಲ್ಲಿ ಪ್ರಯೋಗಗಳು ನಡೆದವು. 1970ರಿಂದ ಈಚೆಗೆ ಬಿಂದೇಶ್ವರ ಪಾಠಕರ ಸುಲಭ ಸಂಸ್ಥೆ ಎರಡು ಗುಂಡಿಯ ಮಾದರಿಯನ್ನು ದೇಶದಲ್ಲಿ ಹರಡಿತು. ಅದರ ತತ್ತ್ವ ರೈತನಿಗೆ ಹೊಸದಲ್ಲ. ಒಂದು ತಿಪ್ಪೆ ತುಂಬಿದ ಮೇಲೆ ಅದನ್ನು ಮುಚ್ಚಿ ಕೊಳೆಯಲು ಬಿಟ್ಟು, ಇನ್ನೊಂದಕ್ಕೆ ಸಗಣಿ ಹಾಕುವುದಿಲ್ಲವೇ? ಇಲ್ಲಿಯೂ ಹಾಗೆಯೇ. ಒಂದು ಗುಂಡಿ ಬಳಕೆಯಲ್ಲಿರುವಾಗ ಇನ್ನೊಂದು ಖಾಲಿ ಇರುತ್ತದೆ. ಮೊದಲನೆಯದು ತುಂಬಿದರೆ ಅದರ ದಾರಿ ಕಟ್ಟಿ ಎರಡನೆಯದಕ್ಕೆ ತಿರುಗಿಸುವುದು. ನೀರು ಮಣ್ಣಿಗೆ ಇಂಗಿ, ಉಳಿದದ್ದು ಕೊಳೆತು, ಎರಡು ವರ್ಷಕ್ಕೆ ವಾಸನೆಯಿಲ್ಲದ ಪುಡಿಗೊಬ್ಬರವಾಗುತ್ತದೆ.

ಸಮುದ್ರದ ಮೇಲೆ ಹೋಗುವ ದೋಣಿಯವರಿಗೆ ಈ ಭಾಗ್ಯವಿಲ್ಲ. ದೋಣಿಯ ಕಕ್ಕಸಿಗೆ ತೊಟ್ಟಿ ಇಟ್ಟುಕೊಂಡರೆ ಅದರಲ್ಲಿ ಕೂಡಿದ್ದನ್ನು ದಡ ಸೇರಿದ ಮೇಲೆ ಪಂಪಿನಿಂದ ತೆಗೆಸಬೇಕಾಗುತ್ತದೆ. ಕೆಳಗೆ ಇಂಗಿಸಿಕೊಳ್ಳುವ ಮಣ್ಣೇ ಇಲ್ಲ. ನಮ್ಮ ಕಾಲ ಕೆಳಗೆ ಮಣ್ಣಿದೆ. ಹಾಗಿದ್ದೂ ನಾಲ್ಕು ಕಡೆಯೂ ಗಾರೆ ಬಳಿದು ಗುಂಡಿಯನ್ನು ತೊಟ್ಟಿ ಮಾಡಿಕೊಳ್ಳುವುದು ದುಡ್ಡು ಕೊಟ್ಟು ಕಷ್ಟ ತಂದುಕೊಂಡಂತೆ.

ಈಗ ಅಳತೆಗೆ ಬರೋಣ. ಐದಾರು ಜನರ ಮನೆಗೆ ಒಂದೊಂದು ಗುಂಡಿಯೂ ಮೂರೂಕಾಲು ಅಡಿ ಅಗಲ, ನಾಲ್ಕು ಅಡಿ ಆಳ ಇದ್ದರೆ ಸಾಕು. ಇಷ್ಟು ಸಣ್ಣದೇ ಎಂದು ನಗಬೇಡಿರಿ. ನೀರು ಇಂಗಿ, ಮಲ ಕೊಳೆತು ಕುಗ್ಗುವುದರಿಂದ ಇಂಥ ಗುಂಡಿ ತುಂಬಲು ಸುಮಾರು 3 ವರ್ಷ ಬೇಕು. ಗುಂಡಿ ಬೇಗ ತುಂಬೀತೆಂಬ ಭಯದಿಂದ ಹೆಂಗಸರು ಮುದುಕರು ಮಾತ್ರ ಕಕ್ಕಸಿಗೆ ಹೋಗಿ, ಗಂಡಸರು ಚೊಂಬು ಹಿಡಿದು ಬಯಲಿಗೆ ಹೋಗುವ ಮನೆಗಳಿವೆ. ಆ ಭಯಕ್ಕೆ ಆಧಾರವಿಲ್ಲ. ಮನೆಯವರೆಲ್ಲರೂ ಬಳಸಿದರೇ ಕಟ್ಟಿಸಿದ್ದಕ್ಕೆ ಫಲ. ಒಬ್ಬರು ಬಯಲಿಗೆ ಹೋದರೂ ಕೊಕ್ಕೆಹುಳು ಹಸಿ ನೆಲದಲ್ಲಿ ಬೆಳೆದು ಬರಿಗಾಲಿನಿಂದಲೇ ಮಕ್ಕಳ ಮೈ ಸೇರುತ್ತದೆ.

ಎರಡು ಗುಂಡಿಗಳ ನಡುವೆ ಮೂರೂಕಾಲು ಅಡಿಯಾದರೂ ಅಂತರವಿರಲಿ. ಹತ್ತಿರವಾದರೆ ಬಳಕೆಯ ಗುಂಡಿಯ ನೀರು ಪಕ್ಕದ ಗುಂಡಿಗೆ ನುಸುಳುತ್ತದೆ. ಕುಡಿಯುವ ನೀರಿನ ಬಾವಿ, ಕೊಳವೆಬಾವಿಗಳಿಂದ 33 ಅಡಿ, ಅಂದರೆ 10 ಮೀಟರು ದೂರವಿರತಕ್ಕದ್ದು. ಪಕ್ಕದ ಮನೆಯವರ ಬಾವಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಿರುಕು ಬಂಡೆ ಅಥವಾ ಜಂಬಿಟ್ಟಿಗೆಯ ನೆಲವಾದರೆ ಇದೂ ಸಾಲದು. ಬಿರುಕಿನಲ್ಲಿ ಹೊಲಸು ನೀರು ದೂರ ಓಡುತ್ತದೆ.

ಗೋಡೆಗೆ ಇಟ್ಟಿಗೆಯನ್ನು ಜಾಲಂದ್ರದಂತೆ ಎರಡು ಅಂಗುಲದ ಸಂದು ಬಿಟ್ಟು ಕಟ್ಟಿಸಬೇಕು. ಮೇಲಿನ ಒಂದು ಅಡಿ ಮಾತ್ರ ಸಂದಿಲ್ಲದೆ ಗಟ್ಟಿಯಾಗಿರಲಿ. ತಳಕ್ಕೆ ಗಾರೆ ಬೇಡ, ಬರಿಯ ಮಣ್ಣೇ ಇರಲಿ. ಸಿಮೆಂಟ್ ರಿಂಗು ಇಳಿಸುವವರು ತೂತಿರುವ ರಿಂಗನ್ನೇ ಕೇಳಿ ಪಡೆಯಿರಿ. ತೂತಿಲ್ಲದ್ದನ್ನು ಇಳಿಸಿ ಕೀಲುಗಳಿಗೆ ಸಿಮೆಂಟು ಮೆತ್ತಿದರೆ ಆರು ತಿಂಗಳಿಗೇ “ಗುಂಡಿ ತುಂಬಿತು” ಎನ್ನುತ್ತೀರಿ. ತುಂಬಿರುವುದು ಬರಿಯ ನೀರು. ಎರೆ ಭೂಮಿಯಲ್ಲಿ ನೀರು ನಿಧಾನವಾಗಿ ಇಂಗುವುದರಿಂದ ಗೋಡೆಯ ಹೊರಸುತ್ತಿಗೆ ಒಂದು ಅಡಿ ಅಗಲ ಮರಳು ಅಥವಾ ಗರಸು ತುಂಬಿಸಿರಿ.

ಕರಾವಳಿಯಲ್ಲಿಯೂ ಹೊಳೆ ಕೆರೆಗಳ ಮಗ್ಗುಲಿನಲ್ಲಿಯೂ ಇರುವವರು ಹೆಚ್ಚಿನ ಎಚ್ಚರ ವಹಿಸಬೇಕು. ಬೇಸಿಗೆಯಲ್ಲಿ ಒಣಗಿದ್ದ ನೆಲ ಆಷಾಢದಲ್ಲಿ ಮೂರಡಿಗೇ ನೀರು ಕೊಡುತ್ತದೆ. ಗುಂಡಿಯ ತಳ ಮಳೆಗಾಲದ ನೀರಿನ ಮಟ್ಟಕ್ಕಿಂತ ಆರೇಳು ಅಡಿ ಮೇಲಿದ್ದರೆ ಉತ್ತಮ. ಅಷ್ಟು ಸಿಗದ ಕಡೆ ಗುಂಡಿಯನ್ನು ಕಡಿಮೆ ತೋಡಿ, ಗೋಡೆಯನ್ನು ನೆಲದ ಮೇಲಕ್ಕೆ ಏರಿಸಿ, ಸುತ್ತ ಮಣ್ಣಿನ ದಿಬ್ಬ ಒತ್ತಿಸಿ, ಕಕ್ಕಸಿಗೆ ಎರಡು ಮೆಟ್ಟಿಲು ಇಡಿಸಿರಿ. ನೋಡಲು ಸ್ವಲ್ಪ ವಿಚಿತ್ರವೆನಿಸಿದರೂ ಬಾವಿಯ ನೀರು ಕೆಡುವುದಿಲ್ಲ.

ಬೇಸಿನ್ ಕೊಳ್ಳುವಾಗ ಪಟ್ಟಣದ ಚಪ್ಪಟೆ ಬೇಸಿನ್ನನ್ನು ಅಂಗಡಿಯವನು ಮುಂದಿಟ್ಟರೆ ಬೇಡವೆನ್ನಿ. ಅದಕ್ಕೆ ಪ್ರತಿಸಾರಿ ಅರ್ಧ ಬಿಂದಿಗೆಗೂ ಮಿಕ್ಕಿ ನೀರು ಬೇಕು. ದೂರದಿಂದ ಆ ನೀರು ಹೊತ್ತು ತರುವವರು ಮನೆಯ ಹೆಂಗಸರು. ಇಳಿಜಾರು ಹೆಚ್ಚಾಗಿರುವ ಹಳ್ಳಿಯ ಬೇಸಿನ್ ಬರುತ್ತದೆ. ಅದರ ಟ್ರ್ಯಾಪಿನಲ್ಲಿ, ಎಂದರೆ ಕೆಳಗಿನ ಬಾಗಿದ ಕೊಳವೆಯಲ್ಲಿ, ಮುಕ್ಕಾಲು ಅಂಗುಲ ಮಾತ್ರ ನೀರು ನಿಲ್ಲುತ್ತದೆ. ಆ ನೀರೇ ನೊಣಕ್ಕೂ ವಾಸನೆಗೂ ಅಡ್ಡಗಟ್ಟು. ತೊಳೆಯಲು ಒಂದೂವರೆ ಎರಡು ಲೀಟರು ಸಾಕು. ಬೇಸಿನ್ ಕೂರಿಸಿದ ದಿನವೇ ಒಂದು ಚೊಂಬು ನೀರು ಸುರಿದು, ಟ್ರ್ಯಾಪಿನಲ್ಲಿ ನೀರು ನಿಂತಿದೆಯೇ ಎಂದು ನೀವೇ ಬಗ್ಗಿ ನೋಡಿರಿ. ಓರೆಯಾಗಿ ಕೂರಿಸಿದ್ದರೆ ನೀರು ನಿಲ್ಲುವುದಿಲ್ಲ. ಸಿಮೆಂಟು ಹಸಿಯಿರುವಾಗ ತಿದ್ದುವುದು ಸುಲಭ.

ಬೇಸಿನ್ನಿನಿಂದ ಹೊರಟ ಕೊಳವೆ ಸಣ್ಣದೊಂದು ಛೇಂಬರಿಗೆ ಬರುತ್ತದೆ. ಅಲ್ಲಿಂದ ಎತ್ತಿನ ನೊಗದ ಎರಡು ತುದಿಯಂತೆ ಎರಡು ದಾರಿ, ಒಂದೊಂದು ಗುಂಡಿಗೆ ಒಂದೊಂದು. ಬಳಸದ ಗುಂಡಿಯ ಬಾಯಿಗೆ ಇಟ್ಟಿಗೆ ಇಟ್ಟು ಜೇಡಿಮಣ್ಣು ಮೆತ್ತಿರಿ. ಕೆಲವರು ಇಲ್ಲಿ ಬಾಯಿ ಕಟ್ಟುವುದನ್ನೇ ಮರೆತು ಎರಡೂ ಗುಂಡಿಗಳನ್ನು ಒಟ್ಟಿಗೆ ತುಂಬಿಸುತ್ತಾರೆ. ಇನ್ನು ಕೆಲವು ಕಡೆ ಮೊದಲನೆಯ ಗುಂಡಿ ಉಕ್ಕಿ ಎರಡನೆಯದಕ್ಕೆ ಹರಿಯುವಂತೆ ಕೊಳವೆ ಜೋಡಿಸಿರುತ್ತಾರೆ. ಎರಡು ಗುಂಡಿಯ ಖರ್ಚಾಯಿತು, ಉಪಯೋಗ ಒಂದರದೂ ಆಗಲಿಲ್ಲ. ಕೊಳವೆಗೆ ಹದಿನೈದು ಅಡಿಗೆ ಒಂದು ಅಡಿಯಷ್ಟು ಇಳಿಜಾರು ಕೊಡಿಸಿರಿ. ಛೇಂಬರಿನ ಮೇಲೆ ಎತ್ತಲು ಬರುವ ಚಪ್ಪಡಿಯೇ ಇರಲಿ, ಗಾರೆ ಮಾಡಿ ಮುಚ್ಚಬೇಡಿರಿ. ಗಾಳಿ ಕೊಳವೆ ಬೇಕಾಗಿಲ್ಲ. ಗಾಳಿಯನ್ನು ಮಣ್ಣು ಹೀರಿಕೊಳ್ಳುತ್ತದೆ. ಬಚ್ಚಲ ನೀರನ್ನು ಈ ಗುಂಡಿಗೆ ಬಿಡಕೂಡದು, ಬಾಳೆಯ ಬುಡಕ್ಕೆ ಬಿಡಿ. ಫಿನಾಯಿಲ್, ಆಸಿಡ್ ಸುರಿದರೆ ಕೊಳೆಸುವ ಜೀವಾಣುಗಳು ಸಾಯುತ್ತವೆ. ಬೂದಿ, ಕಡ್ಡಿ ಪೊರಕೆಯಿಂದ ಉಜ್ಜಿದರೆ ಸಾಕು.

ಗುಂಡಿ ಬದಲಾಯಿಸಿದ ದಿನದ ತಿಂಗಳು, ಇಸವಿಯನ್ನು ಗೋಡೆಯ ಮೇಲೆ ಬಣ್ಣದಿಂದ ಬರೆದಿಡಿ. ಒಂದೂವರೆ ವರ್ಷ ಬಿಟ್ಟರೆ ಸಾಕೆನ್ನುವವರೂ ಇದ್ದಾರೆ. ಜಂತುಹುಳುವಿನ ಮೊಟ್ಟೆ ಬಲು ಗಟ್ಟಿ. ಎರಡು ವರ್ಷ ಪೂರ್ತಿ ಬಿಡಿ ಎನ್ನುವ ಪಕ್ಷ ನಮ್ಮದು. ಎರಡನೆಯ ಗುಂಡಿ ತುಂಬಲು ಹೇಗೂ ಮೂರು ವರ್ಷವಿದೆ, ಅವಸರವೇನು?

ಆ ಗೊಬ್ಬರವನ್ನು ಕೈಯಿಂದ ಮುಟ್ಟಲು ಹೇಸಿಗೆಯೆಂದು ನೀವು ಅನ್ನಬಹುದು. 2017ರ ಫೆಬ್ರವರಿಯಲ್ಲಿ ತೆಲಂಗಾಣದ ವರಂಗಲ್ ಕಡೆಯ ಗಂಗದೇವಿಪಲ್ಲಿಯಲ್ಲಿ, ಕೇಂದ್ರದ ಕುಡಿಯುವ ನೀರು ಮತ್ತು ನೈರ್ಮಲ್ಯ ಸಚಿವಾಲಯದ ಅಂದಿನ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ಅವರು ತಾವೇ ಇಂಥ ಗುಂಡಿಗೆ ಇಳಿದು ಗೊಬ್ಬರ ತೆಗೆದರು. ದೆಹಲಿಯ ಅಧಿಕಾರಿ ಇಳಿದ ಗುಂಡಿಗೆ, ದಿನವೂ ಸಗಣಿ ಬಾಚುವ ಕೈಯವರು ಇಳಿಯಲಾರರೇ? ಚಪ್ಪಡಿ ಸರಿಸಿ ಒಂದು ದಿನ ಗಾಳಿಯಾಡಲು ಬಿಟ್ಟು, ಮುಟ್ಟಿ ನೋಡಿದರೆ ಒಣ ಮಣ್ಣಿನಂತಿದ್ದರೆ ಮಾತ್ರ ತೆಗೆಯಿರಿ. ಹಸಿಯಾಗಿದ್ದರೆ, ವಾಸನೆ ಬಂದರೆ, ಮತ್ತೆ ಮುಚ್ಚಿ. ತೆಗೆದದ್ದನ್ನು ತೆಂಗು, ಅಡಿಕೆ, ಬಾಳೆಯ ಪಾತಿಗೆ ಹಾಕಿ ಮಣ್ಣು ಮುಚ್ಚಿರಿ. ಸೊಪ್ಪು, ಮೂಲಂಗಿ, ಸೌತೆಯ ಮಡಿಗೆ ಬೇಡ.

ಈಗಾಗಲೇ ಒಂಟಿ ಗುಂಡಿ ತೆಗೆಸಿದವರು ಚಿಂತಿಸಬೇಕಾಗಿಲ್ಲ. 2014ರ ನಂತರ ಸ್ವಚ್ಛ ಭಾರತ ಅಭಿಯಾನದ ಸಹಾಯಧನದಿಂದ ಕಟ್ಟಿದ ಮನೆಗಳಲ್ಲಿಯೂ ಇಂಥವು ಬೇಕಾದಷ್ಟಿವೆ. ಗುಂಡಿ ತುಂಬುವ ತನಕ ಕಾಯದೆ, ಈ ಸುಗ್ಗಿ ಮುಗಿದ ಬಿಡುವಿನಲ್ಲಿ ಪಕ್ಕದಲ್ಲಿ ನಾಲ್ಕಡಿಯ ಇನ್ನೊಂದು ಗುಂಡಿ ತೆಗೆದು, ಬರುವ ಕೊಳವೆಯನ್ನು ನಡುವೆ ಕತ್ತರಿಸಿ ಛೇಂಬರು ಕಟ್ಟಿಸಿರಿ. ಇಬ್ಬರು ಆಳು ಮತ್ತು ಒಬ್ಬ ಮೇಸ್ತ್ರಿಗೆ ಎರಡು ಮೂರು ದಿನದ ಕೆಲಸ. ಹಳೆಯ ಗುಂಡಿ ಎಷ್ಟೇ ಆಳವಿರಲಿ, ಅದರ ಬಾಯಿ ಕಟ್ಟಿ ಹೊಸದಕ್ಕೆ ತಿರುಗಿಸಿರಿ. ಆಳದ ಗುಂಡಿಗೆ ಎರಡು ವರ್ಷವಾದ ಮೇಲೂ ಯಾರನ್ನೂ ಇಳಿಸಬೇಡಿರಿ. ಮೇಲಿನಿಂದ ಉದ್ದ ಹಿಡಿಯ ಸಲಿಕೆಗೆ ಎಟಕುವಷ್ಟನ್ನು ತೆಗೆದುಕೊಂಡು, ಉಳಿದದ್ದರ ಮೇಲೆ ಮಣ್ಣು ತುಂಬಿ ಒಂದು ತೆಂಗಿನ ಸಸಿ ನೆಡಬಹುದು. ಆಗ ಜೋಡಿಗೆ ಇನ್ನೊಂದು ಸಣ್ಣ ಗುಂಡಿ ತೋಡಿಕೊಳ್ಳಿರಿ.