ಪೀಪಾಯಿಯ ಲೆಕ್ಕ: ಸ್ಕಾಟ್ಲೆಂಡ್‌ನ ಬಿಯರ್ ಉದ್ಯಮದಿಂದ ಒಂದು ಪಾಠ

ಸರಕು ಕಾರ್ಖಾನೆಯ ಬಾಗಿಲು ದಾಟಿದ ಮಾತ್ರಕ್ಕೆ ಉದ್ದಿಮೆದಾರನ ಹಣ ಹಿಂದಿರುಗಿದಂತಾಗುವುದಿಲ್ಲ. ದಾಸ್ತಾನಿನಲ್ಲಿ, ಸರಕನ್ನು ಹೊತ್ತೊಯ್ದ ಪಾತ್ರೆಯಲ್ಲಿ, ಅಂಗಡಿಕಾರನಿಗೆ ನೀಡಿದ ಸಾಲದಲ್ಲಿ ಬಂಡವಾಳವು ಸಿಲುಕಿರುತ್ತದೆ. ಸ್ಕಾಟ್ಲೆಂಡ್‌ನ ಬಿಯರ್ ತಯಾರಕರ ವ್ಯವಹಾರ ಕ್ರಮವು ಈ ಸಂಗತಿಯನ್ನು ಚೆನ್ನಾಗಿ ತಿಳಿಸಿಕೊಡುತ್ತದೆ.

ತಯಾರಿಕೆ

ಎಡಿನ್‌ಬರೋ, ಆಲೋವಾ ಮತ್ತು ಗ್ಲಾಸ್ಗೋ ಈ ಉದ್ಯಮದ ಪ್ರಮುಖ ಕೇಂದ್ರಗಳಾಗಿದ್ದವು. ವಿಲಿಯಂ ಮೆಕ್ಯೂವನ್ 1856ರಲ್ಲಿ ಎಡಿನ್‌ಬರೋದಲ್ಲಿ ಫೌಂಟನ್ ಬ್ರೂವರಿಯನ್ನು ಸ್ಥಾಪಿಸಿದರು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್ ದೊರೆಯುತ್ತದೆ. ಅದನ್ನು ಪುಡಿಮಾಡಿ ಬಿಸಿನೀರಿನಲ್ಲಿ ಕಲಸಿ ಸಿಹಿರಸ ತೆಗೆದು, ಹಾಪ್ ಹೂಗಳೊಡನೆ ಕುದಿಸಿ, ಆರಿದ ಮೇಲೆ ಯೀಸ್ಟ್ ಬೆರೆಸಿ ಹುದುಗಿಸುತ್ತಾರೆ. ಏಲ್ ಎಂಬ ಬಗೆಯು ಬೇಗ ಮಾರಾಟಕ್ಕೆ ಸಿದ್ಧವಾಗುತ್ತದೆ. ಗ್ಲಾಸ್ಗೋದ ಟೆನೆಂಟ್ ಸಂಸ್ಥೆಯು 1885ರಲ್ಲಿ ಆರಂಭಿಸಿದ ಲಾಗರ್ ಬಗೆಯನ್ನಾದರೋ ವಾರಗಟ್ಟಲೆ ತಂಪಿನಲ್ಲಿ ಇರಿಸಬೇಕು. ಅಷ್ಟು ಕಾಲವೂ ಬಂಡವಾಳವು ದಾಸ್ತಾನಿನಲ್ಲಿ ನಿಂತಿರುತ್ತದೆ.

ತೆರಿಗೆಯೂ ಇದೇ ಲೆಕ್ಕಕ್ಕೆ ಸೇರುತ್ತದೆ. ಬ್ರಿಟನ್ನಿನಲ್ಲಿ 1880ರವರೆಗೆ ಸುಂಕವು ಮಾಲ್ಟ್‌ನ ಮೇಲಿತ್ತು. ಆ ವರ್ಷ ಗ್ಲಾಡ್‌ಸ್ಟನ್ ಅದನ್ನು ರದ್ದುಪಡಿಸಿ, ಸಿಹಿರಸದ ಸಾಂದ್ರತೆಯನ್ನು ಆಧರಿಸಿದ ಸುಂಕವನ್ನು ಜಾರಿಗೆ ತಂದರು. ಇದರಿಂದ ತೆರಿಗೆಯ ಹಂತವು ಕಚ್ಚಾ ಸರಕಿನಿಂದ ಮಾರಾಟದತ್ತ ಒಂದು ಹೆಜ್ಜೆ ಸರಿಯಿತು.

ಬೆಲೆ ಮತ್ತು ಪಾತ್ರೆ

ದೊಡ್ಡ ಪೀಪಾಯಿಯಾದ ಹಾಗ್ಸ್‌ಹೆಡ್‌ನಲ್ಲಿ 54 ಗ್ಯಾಲನ್, ಅಂದರೆ ಸುಮಾರು 245 ಲೀಟರ್ ಹಿಡಿಯುತ್ತಿತ್ತು. ಬ್ಯಾರೆಲ್‌ನಲ್ಲಿ 36, ಕಿಲ್ಡರ್ಕಿನ್‌ನಲ್ಲಿ 18, ಫರ್ಕಿನ್‌ನಲ್ಲಿ 9 ಗ್ಯಾಲನ್. ಪೀಪಾಯಿಯ ಸಗಟು ಬೆಲೆಯಿಂದಲೇ ಬಿಯರ್‌ಗಳಿಗೆ 60, 70, 80 ಷಿಲಿಂಗ್ ಎಂಬ ಹೆಸರುಗಳು ಬಂದವು. ಬೆಲೆ ಏರಿದಂತೆ ಬಿಯರ್‌ನ ಸತ್ವವೂ ಹೆಚ್ಚು. ಮುಂದೆ ಬೆಲೆ ಬದಲಾದರೂ ಹೆಸರು ಉಳಿಯಿತು.

ಬಿಯರ್ ಗ್ರಾಹಕನದು, ಪೀಪಾಯಿ ತಯಾರಕನದು. ಆದ್ದರಿಂದ ಖಾಲಿ ಪೀಪಾಯಿ ಮರಳುವ ಅವಧಿಯು ಮುಖ್ಯ. ಉದಾಹರಣೆಗೆ, ವಾರಕ್ಕೆ 100 ಪೀಪಾಯಿ ಮಾರುವವನಿಗೆ ಅವು ಆರು ವಾರದಲ್ಲಿ ಮರಳಿದರೆ 600 ಪೀಪಾಯಿಗಳು ಬೇಕು. ನಾಲ್ಕು ವಾರದಲ್ಲಿ ಮರಳಿದರೆ 400 ಸಾಕು. ಮಾರಾಟ ಒಂದೇ ಆಗಿದ್ದರೂ 200 ಪೀಪಾಯಿಗಳ ಬಂಡವಾಳ ಉಳಿಯಿತು. ಮರದ ಬದಲು ಲೋಹದ ಪೀಪಾಯಿ ಬಂದ ಮೇಲೂ ಈ ಲೆಕ್ಕ ಬದಲಾಗಲಿಲ್ಲ. ಡಬ್ಬಿಯಾದರೆ ಮರಳಬೇಕಾಗಿಲ್ಲ; ಆದರೆ ಅದರ ಪೂರ್ಣ ವೆಚ್ಚವನ್ನು ಪ್ರತಿ ಮಾರಾಟವೂ ಹೊರಬೇಕು.

ವಿತರಣೆ

ಇಂಗ್ಲೆಂಡ್‌ನಲ್ಲಿ ತಯಾರಕರು ಪಬ್‌ಗಳನ್ನೇ ಕೊಂಡು ಮಾರುಕಟ್ಟೆಯನ್ನು ಭದ್ರಪಡಿಸಿಕೊಂಡರು. ಸ್ಕಾಟ್ಲೆಂಡ್‌ನಲ್ಲಿ ಹೆಚ್ಚಿನ ಪಬ್‌ಗಳು ಸ್ವತಂತ್ರ ಮಾಲೀಕರ ಕೈಯಲ್ಲಿದ್ದವು. ಅಲ್ಲಿ ತಯಾರಕರು ಮಾಲೀಕನಿಗೆ ಸಾಲ ನೀಡಿ, ತಮ್ಮ ಬಿಯರನ್ನೇ ಮಾರುವ ಕರಾರು ಮಾಡಿಕೊಳ್ಳುತ್ತಿದ್ದರು. ಕಟ್ಟಡ ಕೊಳ್ಳುವುದಕ್ಕಿಂತ ಇದು ಅಗ್ಗವಾದರೂ ಅಪಾಯ ಹೆಚ್ಚು. ಮಾಲೀಕನು ದಿವಾಳಿಯಾದರೆ ಸಾಲ, ಸರಕಿನ ಬಾಕಿ, ಖಾಲಿ ಪೀಪಾಯಿ ಮೂರೂ ಒಮ್ಮೆಗೇ ಕೈತಪ್ಪುವ ಭಯವಿರುತ್ತದೆ.

ಗಮನಿಸಬೇಕಾದ ಅಂಶಗಳು

ಕ್ರೇಟ್, ಡ್ರಮ್, ಬಾಟಲಿಗಳನ್ನು ಹೊರಗೆ ಕಳುಹಿಸುವ ಪ್ರತಿಯೊಬ್ಬ ಸಣ್ಣ ತಯಾರಕನಿಗೂ ಈ ಲೆಕ್ಕ ಅನ್ವಯಿಸುತ್ತದೆ. ಪಾತ್ರೆಗಳಿಗೆ ಗ್ರಾಹಕವಾರು ಪ್ರತ್ಯೇಕ ವಹಿ ಇರಲಿ. ಮರಳುವ ಅವಧಿಯನ್ನು ಪ್ರತಿ ತಿಂಗಳು ಪರಿಶೀಲಿಸಬೇಕು. ಠೇವಣಿಯನ್ನು ಆದಾಯವೆಂದು ಭಾವಿಸದೆ ಹೊಣೆಯೆಂದೇ ತೋರಿಸಬೇಕು. ಒಬ್ಬನೇ ಗ್ರಾಹಕನಲ್ಲಿರುವ ಸಾಲ, ಬಾಕಿ ಮತ್ತು ಪಾತ್ರೆಗಳ ಮೌಲ್ಯವನ್ನು ಒಟ್ಟುಗೂಡಿಸಿ ಮಿತಿ ನಿಗದಿಪಡಿಸುವುದು ಒಳಿತು. ಲಾಭವಿದ್ದೂ ಕೈಯಲ್ಲಿ ಹಣವಿಲ್ಲವೆಂಬ ಕೊರಗಿಗೆ ಕಾರಣವು ಅನೇಕ ವೇಳೆ ಗ್ರಾಹಕನ ಹಿತ್ತಲಿನಲ್ಲಿ ಖಾಲಿಯಾಗಿ ಬಿದ್ದಿರುತ್ತದೆ.