ಹೊಡೆತ ಬೀಳುವ ಮುಂಚೆ

ಮನೋರೋಗ ವಾರ್ಡಿನಲ್ಲಿ ದುಡಿಯುವವರೇ, ಪೆಟ್ಟು ತಿನ್ನುವುದೂ ಕೆಲಸದ ಭಾಗವೆಂದು ಸುಮ್ಮನಾಗಬೇಡಿ. ಇಂಗ್ಲೆಂಡಿನಲ್ಲಿ ಲೆನ್ ಬವರ್ಸ್ ತಂಡ 15 ಆಸ್ಪತ್ರೆಗಳ 31 ವಾರ್ಡುಗಳಲ್ಲಿ ‘ಸೇಫ್‌ವಾರ್ಡ್ಸ್’ ಕ್ರಮವನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಘರ್ಷಣೆ ಶೇ. 15ರಷ್ಟು, ಹಿಡಿದು ಅದುಮುವುದು, ಒಂಟಿ ಕೋಣೆಗೆ ಹಾಕುವುದು ಮುಂತಾದ ನಿಯಂತ್ರಣ ಸುಮಾರು ಶೇ. 26ರಷ್ಟು ಇಳಿಯಿತು. ಮಾಡಿದ್ದಾದರೂ ಏನು? ರೋಗಿಗೆ ಕಹಿಸುದ್ದಿ ಬರುವ ಹೊತ್ತನ್ನು ಮೊದಲೇ ಊಹಿಸಿ ಜೊತೆಗಿರುವುದು, ‘ಆಗದು’ ಎನ್ನುವಾಗ ಮೆತ್ತಗೆ ಕಾರಣ ತಿಳಿಸುವುದು, ಇಂಥ ಹತ್ತು ಸಣ್ಣ ಸಂಗತಿಗಳು.

ಹಾಗಾದರೆ ಪೆಟ್ಟು ತಿಂದವರದೇ ತಪ್ಪೇ? ಖಂಡಿತ ಅಲ್ಲ. ಮೃದುಮಾತು ಎಲ್ಲ ಉದ್ರೇಕವನ್ನೂ ತಡೆಯದು. ಎರಡು ಪಾಳಿ ಸತತ ದುಡಿದು ಬಸವಳಿದವರ ಬಾಯಲ್ಲಿ ಅದು ಹೊರಡುವುದೂ ಕಷ್ಟ. (ತರಬೇತಿ ಕೊಟ್ಟು ಕೈತೊಳೆದುಕೊಳ್ಳುವ ಮೇಲಧಿಕಾರಿಗಳು ಇದನ್ನು ಗಮನಿಸಲಿ.) ಆದ್ದರಿಂದ ತಳ್ಳಿದ್ದು, ಉಗುಳಿದ್ದು, ಬೆದರಿಸಿದ್ದು ಎಲ್ಲವನ್ನೂ ಅಂದೇ ಬರೆದಿಡಿ. ಹೆಚ್ಚುವರಿ ಹುದ್ದೆ ಕೇಳಲು ಹೋದಾಗ ಆ ದಾಖಲೆಯೇ ಬೇಕಾಗುತ್ತದೆ.